ನಾಗಾಲೋಟ ಇಲ್ಲಿ ತಪ್ಪು

ಟೊರಾಂಟೊ ಕಡೆಯಿಂದ ಪಶ್ಚಿಮಕ್ಕೆ ಒಂದೂವರೆ ಗಂಟೆ ಹೋದ ಮೇಲೆ ಹೆದ್ದಾರಿ ಬಿಟ್ಟು ಮೆಕ್ಕೆಜೋಳದ ಹೊಲಗಳ ನಡುವಿನ ರಸ್ತೆಗೆ ತಿರುಗಿದೆವು. ಸ್ವಲ್ಪ ದೂರದಲ್ಲೇ ಕಾರಿನ ವೇಗ ಪೂರಾ ಇಳಿಯಿತು. ಮುಂದೆ ಕಪ್ಪು ಬಣ್ಣದ ಒಂದು ಕುದುರೆ ಗಾಡಿ. ಹಿಂಬದಿಯಲ್ಲಿ ಕಿತ್ತಳೆ ಬಣ್ಣದ ತ್ರಿಕೋನ ಬಿಟ್ಟರೆ ಬೇರೆ ಅಲಂಕಾರವಿಲ್ಲ. ಟೊಪ್ಪಿ ಹಾಕಿದ ಗಂಡಸೊಬ್ಬ, ಪಕ್ಕದಲ್ಲಿ ತಲೆಗೆ ಬಟ್ಟೆ ಕಟ್ಟಿದ ಹೆಂಗಸು.

“ಇವರು ಮೆನೊನೈಟರು ಮಾವ, ಹಳೇ ಪದ್ಧತಿಯವರು. ಕಾರು ಇಟ್ಟುಕೊಳ್ಳಲ್ಲ,” ಅಂದ ತಂಗಿಯ ಮಗ. ಒಂಟಾರಿಯೊ ಪ್ರಾಂತ್ಯದ ವಾಟರ್ಲೂ ಸುತ್ತಿನ ಹಳ್ಳಿಗಳಲ್ಲಿ ಇಂಥ ಗಾಡಿಗಳು ದಿನವೂ ಕಾಣುತ್ತವಂತೆ. ಕುದುರೆ ಒಂದೇ ಹದದಲ್ಲಿ ಟಕ್ ಟಕ್ ಎಂದು ಓಡುತ್ತಿತ್ತು. ನನಗೆ ಮೈಸೂರಿನ ಜಟಕಾ ನೆನಪಾಯಿತು. ಗಾಡಿಯನ್ನು ದಾಟಿ ಮುಂದೆ ಹೋದೆವು. ಆ ಕುದುರೆಗೂ ನಾವು ಹೊರಟಿದ್ದ ಜಾಗಕ್ಕೂ ನಂಟಿದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ನಾವು ಹೊರಟಿದ್ದು ಕುದುರೆ ರೇಸಿಗೆ. ಪ್ರವಾಸಿಗಳಿಗೆಂದು ಕೊಡುವ ಪುಸ್ತಿಕೆಯಲ್ಲಿ ನಯಾಗರ ಜಲಪಾತಕ್ಕೆ ನಾಲ್ಕು ಪುಟ, ದ್ರಾಕ್ಷಾರಸದ ತೋಟಗಳಿಗೆ ಎರಡು ಪುಟ. ಕೊನೆಯಲ್ಲೆಲ್ಲೋ ‘ರೇಸು ಮತ್ತು ಗೇಮಿಂಗ್’ ಎಂಬ ಒಂದು ಸಾಲು. ಆ ಒಂದು ಸಾಲಿನಲ್ಲಿ ಏನಿದೆ ಎಂದು ನೋಡುವ ಕುತೂಹಲ ನನ್ನದು. ಇಂಥ ಮೈದಾನಗಳು ಪ್ರಾಂತ್ಯದಲ್ಲಿ ಹತ್ತಕ್ಕೂ ಹೆಚ್ಚಿವೆ. ನಾನು ನೋಡಿದ್ದು ಚಿಕ್ಕ ಊರಿನದು, ಹೆಸರು ಮುಖ್ಯವಲ್ಲ.

ಕಾರು ನಿಲ್ಲಿಸಿ ನೋಡಿದರೆ ಒಂದೇ ಕಟ್ಟಡ, ಎರಡು ಬಾಗಿಲು. ಬಲಗಡೆಯ ಬಾಗಿಲಿಗೆ ಮಿನುಗುವ ದೀಪ, ಗಾಜು, ದೊಡ್ಡ ಅಕ್ಷರದ ಫಲಕ. ಎಡಗಡೆಯದು ನಮ್ಮ ತಾಲ್ಲೂಕು ಕಚೇರಿಯ ಬಾಗಿಲಿನಷ್ಟೇ ಸಾದಾ. ಬಲಗಡೆ ಸಾಲುಸಾಲು ಕಾರು. ಎಡಗಡೆ, ಸ್ವಲ್ಪ ದೂರದಲ್ಲಿ, ಕುದುರೆ ಸಾಗಿಸುವ ಟ್ರೇಲರುಗಳು. ಮಣ್ಣು ಮೆತ್ತಿದ ಪಿಕಪ್ ಲಾರಿಗಳು ಅವನ್ನು ಎಳೆದು ತಂದಿದ್ದವು. ಗಾಳಿಯಲ್ಲಿ ಲದ್ದಿಯ ವಾಸನೆ, ಹುಲ್ಲಿನ ವಾಸನೆ. ಮೊದಲು ಎಡಕ್ಕೆ ಹೋದೆವು.

ಪ್ರವೇಶ ಧನವಿಲ್ಲ. ಒಳಗೆ ಉದ್ದನೆಯ ಹಜಾರ, ಮೇಜು ಕುರ್ಚಿ, ಗೋಡೆಯ ತುಂಬ ಟೀವಿಗಳು. ಟೀವಿಗಳಲ್ಲಿ ಬೇರೆ ಬೇರೆ ಊರುಗಳ ರೇಸು ನಡೆಯುತ್ತಿತ್ತು. ಇಲ್ಲೇ ಕುಳಿತು ಅಲ್ಲಿಯ ಕುದುರೆಗೂ ಹಣ ಕಟ್ಟಬಹುದು. ನಾಲ್ಕೈದು ಮುದುಕರು ಎದುರಿಗಿದ್ದ ಮೈದಾನಕ್ಕೆ ಬೆನ್ನು ತಿರುಗಿಸಿ, ಕನ್ನಡಕ ಮೂಗಿನ ತುದಿಗಿಳಿಸಿ, ಟೀವಿ ನೋಡುತ್ತ ಪೆನ್ಸಿಲಿನಿಂದ ಏನೋ ಗುರುತು ಹಾಕುತ್ತಿದ್ದರು. ನಾನೂ ಒಂದು ರೇಸ್ ಪುಸ್ತಕ ತೆಗೆದುಕೊಂಡೆ. ಪುಟದ ತುಂಬ ಇರುವೆ ಸಾಲಿನಂಥ ಅಂಕಿಗಳು. ಪಂಚಾಂಗವೂ ಇದಕ್ಕಿಂತ ಸುಲಭ ಅನ್ನಿಸಿತು.

ಗಾಜಿನ ಬಾಗಿಲು ದಾಟಿ ಮೈದಾನದ ಬೇಲಿಯ ಹತ್ತಿರ ಹೋದೆವು. ಹುಲ್ಲಿನ ಟ್ರ್ಯಾಕ್ ಇರುತ್ತದೆಂದು ಎಣಿಸಿದ್ದೆ. ಇದು ಕಲ್ಲಿನ ಪುಡಿ ಹಾಸಿ ಗಟ್ಟಿ ಮಾಡಿದ ಬೂದು ಬಣ್ಣದ ಓಟದ ಹಾದಿ. ಒಂದು ಸುತ್ತಿಗೆ ಅರ್ಧ ಮೈಲಿ, ಅಂದರೆ 800 ಮೀಟರಿನಷ್ಟು. ನೀರಿನ ಲಾರಿಯೊಂದು ಧೂಳು ಕೂರಿಸುತ್ತ ಸುತ್ತು ಹಾಕುತ್ತಿತ್ತು. ಬೇಲಿಯ ಉದ್ದಕ್ಕೂ ಮಡಚುವ ಕುರ್ಚಿ ತಂದುಕೊಂಡ ಸಂಸಾರಗಳು. ಮಕ್ಕಳು ಬೇಲಿ ಹತ್ತಿ ನಿಂತಿದ್ದವು. ಕೈಗಳಲ್ಲಿ ಪೂಟೀನ್, ಅಂದರೆ ಕರಿದ ಆಲೂಗಡ್ಡೆಯ ಮೇಲೆ ಗಿಣ್ಣಿನಂಥ ಚೀಸ್ ತುಂಡು ಹಾಕಿ ಬಿಸಿ ಗೊಜ್ಜು ಸುರಿದ ತಿಂಡಿ. ಜೂಜಿನ ಕಟ್ಟೆಗೆ ಬಂದಂತಿರಲಿಲ್ಲ, ಊರ ಜಾತ್ರೆಯ ಮೂಲೆಯೊಂದಕ್ಕೆ ಬಂದಂತಿತ್ತು.

ಆಗ ಕುದುರೆಗಳು ಹೊರಬಂದವು. ನಾನು ತಪ್ಪು ತಿಳಿದಿದ್ದು ಹುಲ್ಲಿನ ವಿಷಯದಲ್ಲಿ ಮಾತ್ರವಲ್ಲ ಎಂದು ಗೊತ್ತಾಗಿದ್ದು ಆಗಲೇ. ಇಲ್ಲಿ ಕುದುರೆಯ ಬೆನ್ನ ಮೇಲೆ ಯಾರೂ ಕೂರುವುದಿಲ್ಲ. ಪ್ರತಿ ಕುದುರೆಯ ಹಿಂದೆ ಎರಡು ಚಕ್ರದ ಹಗುರವಾದ ಗಾಡಿ, ಅದಕ್ಕೆ ಸಲ್ಕಿ ಎನ್ನುತ್ತಾರೆ. ಅದರಲ್ಲಿ ಕಾಲು ಚಾಚಿ, ಬಾಲದ ಹತ್ತಿರವೇ ಕೂತ ಸಾರಥಿ. ನಮ್ಮ ಕಡೆಯ ಎತ್ತಿನ ಗಾಡಿ ಓಟಕ್ಕೂ ಬೆಂಗಳೂರಿನ ಕುದುರೆ ರೇಸಿಗೂ ನಡುವೆ ಎಲ್ಲೋ ನಿಲ್ಲಿಸಬಹುದಾದ ಆಟ ಇದು.

ತಳಿಯೂ ಬೇರೆ. ಬೆಂಗಳೂರು, ಮೈಸೂರುಗಳಲ್ಲಿ ಓಡುವುದು ಥರೋಬ್ರೆಡ್. ಇದು ಸ್ಟ್ಯಾಂಡರ್ಡ್‌ಬ್ರೆಡ್. ಕಾಲು ಸ್ವಲ್ಪ ಗಿಡ್ಡ, ಮೈ ಉದ್ದ, ತಲೆ ಭಾರ. ನೋಡಿದರೆ ರಾಜಕುಮಾರನ ಕಳೆ ಇಲ್ಲ, ದುಡಿಯುವವನ ಕಳೆ. ಹೆಸರು ಬಂದ ಕಥೆ ಸರಳ. 1879ರಲ್ಲಿ ಅಮೆರಿಕದ ತಳಿಗಾರರು ಒಂದು ಅಳತೆಗೋಲು ಇಟ್ಟರು. ಗಾಡಿ ಕಟ್ಟಿದ ಕುದುರೆ ಒಂದು ಮೈಲಿಯನ್ನು ಎರಡೂವರೆ ನಿಮಿಷದಲ್ಲಿ ಓಡಬೇಕು. ಓಡಿದರೆ ಅದು ‘ಸ್ಟ್ಯಾಂಡರ್ಡ್’, ತಳಿಯ ದಾಖಲೆ ಪುಸ್ತಕಕ್ಕೆ ಸೇರಿತು. ವಂಶ ಯಾವುದು ಎಂದು ಕೇಳುವ ಮೊದಲು ಎಷ್ಟು ಹೊತ್ತಿಗೆ ಮುಟ್ಟಿತು ಎಂದು ಕೇಳಿದ ತಳಿ. ಈಗ ಇಂಥ ಚಿಕ್ಕ ಮೈದಾನದಲ್ಲೂ ಎರಡು ನಿಮಿಷದೊಳಗೆ ಮೈಲಿ ಮುಗಿಯುತ್ತದೆ. 2022ರಲ್ಲಿ ಅಮೆರಿಕದ ಮೈದಾನವೊಂದರಲ್ಲಿ ಒಂದು ಕುದುರೆ ಒಂದು ನಿಮಿಷ 46 ಸೆಕೆಂಡಿನೊಳಗೇ ಮುಗಿಸಿತು.

ಕುದುರೆಗಳು ಬೇಲಿಯ ಮುಂದೆ ನಿಧಾನವಾಗಿ ಹಾದುಹೋಗುವಾಗ ನಡಿಗೆಯಲ್ಲಿ ಏನೋ ವಿಚಿತ್ರ ಕಂಡಿತು. ಏನೆಂದು ಹೇಳಲಾಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ನನ್ನ ಮುಖ ನೋಡಿ, “ಕಾಲು ನೋಡಿ” ಎಂದರು. ನೋಡಿದೆ. ಎಡಗಡೆಯ ಎರಡೂ ಕಾಲು ಒಟ್ಟಿಗೆ ಮುಂದೆ, ಆಮೇಲೆ ಬಲಗಡೆಯ ಎರಡೂ ಒಟ್ಟಿಗೆ ಮುಂದೆ. ಒಂಟೆ ಓಡುವುದು ಹೀಗೆ. ಇದಕ್ಕೆ ‘ಪೇಸ್’ ಎನ್ನುತ್ತಾರೆ. ಮುಂಗಾಲು ಎಡದ್ದು, ಹಿಂಗಾಲು ಬಲದ್ದು ಹೀಗೆ ಓರೆಯಾಗಿ ಜೊತೆಗೂಡಿದರೆ ಅದು ‘ಟ್ರಾಟ್’. ಎರಡಕ್ಕೂ ಬೇರೆ ಬೇರೆ ಪಂದ್ಯ. ಪೇಸ್ ಕುದುರೆಗಳ ನಡಿಗೆ ಕೆಡದಿರಲೆಂದು ಒಂದೊಂದು ಪಕ್ಕದ ಮುಂಗಾಲು ಹಿಂಗಾಲನ್ನು ಬಳಸಿ ಪಟ್ಟಿ ಹಾಕಿರುತ್ತಾರೆ.

“ಓಡುವಾಗ ಇವು ಗ್ಯಾಲಪ್‌ಗೆ ಇಳಿದರೆ?” ಎಂದೆ.

“ಅದೇ ತಪ್ಪು,” ಎಂದರು ಹಿರಿಯರು. “ಆಗ ಸಾರಥಿ ಬೇರೆ ಕುದುರೆಗಳಿಂದ ಪಕ್ಕಕ್ಕೆ ಸರಿದು, ಹಿಡಿದು, ನಡಿಗೆಗೆ ಮರಳಿಸಬೇಕು. ಅಷ್ಟರಲ್ಲಿ ಉಳಿದವು ಹೋಗಿರುತ್ತವೆ.”

ನನಗೆ ನಗು ಬಂತು. ಗ್ಯಾಲಪ್ ಅಂದರೆ ನಮ್ಮ ನಾಗಾಲೋಟ. ಬೆಲೆ ಏರಿದರೂ, ಷೇರು ಏರಿದರೂ, ಹುಡುಗ ಮುಂದೆ ಬಂದರೂ ನಮಗೆ ಅದು ‘ನಾಗಾಲೋಟ’. ವೇಗಕ್ಕೆ ನಮ್ಮ ಭಾಷೆಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಇಲ್ಲಿ ನಾಗಾಲೋಟ ಕಿತ್ತ ಕುದುರೆಗೆ ಸೋಲೇ ಗತಿ. ಜೋರಾಗಿ ಓಡು, ಆದರೆ ಹದ ತಪ್ಪಬೇಡ ಎನ್ನುವ ಓಟ ಇದು.

ಇನ್ನೊಂದು ವ್ಯತ್ಯಾಸವನ್ನೂ ಅವರೇ ತೋರಿಸಿದರು. ನಮ್ಮಲ್ಲಿ ಜಾಕಿಯ ಅಂಗಿಯ ಬಣ್ಣ ಕುದುರೆಯ ಮಾಲೀಕನದು. ಇಲ್ಲಿ ಅಂಗಿಯ ಬಣ್ಣ ಸಾರಥಿಯ ಸ್ವಂತದ್ದು. ಯಾವ ಕುದುರೆ ಓಡಿಸಿದರೂ ಆತ ಅದೇ ಬಣ್ಣದಲ್ಲಿ ಇರುತ್ತಾನೆ. ಹಾಗಾಗಿ ಜನ ಕುದುರೆಗಿಂತ ಮೊದಲು ಗಾಡಿಯಲ್ಲಿ ಕೂತವನನ್ನು ಗುರುತು ಹಿಡಿಯುತ್ತಾರೆ. ಕುದುರೆಯನ್ನು ಹೇಳುವುದು ಅದರ ನಂಬರಿನ ಬಟ್ಟೆ: ಒಂದಕ್ಕೆ ಕೆಂಪು, ಎರಡಕ್ಕೆ ನೀಲಿ.

ಹಣ ಕಟ್ಟಲು ಒಳಗೆ ಬಂದೆ. ತಂಗಿಯ ಮಗ ಹಿಂದೆಯೇ ಬಂದು, “ಮಾವ, ಅಮ್ಮನಿಗೆ ಮಾತ್ರ ಹೇಳಬೇಡಿ” ಎಂದ. ಎರಡು ಡಾಲರಿನ ವಿಷಯಕ್ಕೆ ಇಷ್ಟು ಭಯವೇ ಎಂದೆ. ಕಟ್ಟುವ ದುಡ್ಡು ಎಷ್ಟೆಂದು ಅವಳು ಕೇಳುವುದಿಲ್ಲ ಎಂದ. ಅದೂ ನಿಜ.

ಬೆಂಗಳೂರಿನ ರೇಸ್‌ಕೋರ್ಸ್ ಕಂಡವರಿಗೆ ಬುಕ್ಕಿಗಳ ಸಾಲು ನೆನಪಿರುತ್ತದೆ. ಇಲ್ಲಿ ಬುಕ್ಕಿ ಎಂಬ ಪ್ರಾಣಿ ಇಲ್ಲ. ಮೈದಾನದಲ್ಲಿ ಇರುವುದು ಟೋಟ್ ಪದ್ಧತಿಯೊಂದೇ. ಎಲ್ಲರ ಹಣ ಒಂದು ಕೊಪ್ಪರಿಗೆಗೆ ಬೀಳುತ್ತದೆ. ಅದರಲ್ಲಿ ಸರ್ಕಾರದ, ಮೈದಾನದ, ಕುದುರೆಯವರ ಪಾಲು ತೆಗೆದು ಉಳಿದದ್ದನ್ನು ಗೆದ್ದವರು ಹಂಚಿಕೊಳ್ಳುತ್ತಾರೆ. ಅಂದರೆ ನಾನು ಪಣ ಕಟ್ಟುವುದು ಮೈದಾನದ ವಿರುದ್ಧವಲ್ಲ, ಪಕ್ಕದಲ್ಲಿ ಪೂಟೀನ್ ತಿನ್ನುತ್ತಿರುವವನ ವಿರುದ್ಧ. ಇದರ ಮೇಲೆ ಕಣ್ಣಿಡುವವರು ಪೊಲೀಸರೋ ಹಣಕಾಸಿನವರೋ ಇರಬೇಕೆಂದುಕೊಂಡಿದ್ದೆ. ಅಲ್ಲ, ಕೇಂದ್ರ ಸರ್ಕಾರದ ಕೃಷಿ ಇಲಾಖೆಯವರು! ಪಣದ ಲೆಕ್ಕವನ್ನೂ ಅವರೇ ನೋಡುತ್ತಾರೆ, ಕುದುರೆಯ ಮೂತ್ರ ಪರೀಕ್ಷೆಯನ್ನೂ ಅವರೇ ಮಾಡಿಸುತ್ತಾರೆ. ಗೊಬ್ಬರ, ಗೋಧಿ, ಹಾಲು, ಜೂಜು ಎಲ್ಲ ಒಂದೇ ಸೂರಿನಡಿ.

ಎರಡನೇ ನಂಬರಿನ ನೀಲಿ ಬಟ್ಟೆಯ ಕುದುರೆಗೆ ಎರಡು ಡಾಲರ್ ‘ಪ್ಲೇಸ್’ ಕಟ್ಟಿದೆ. ಕಾರಣ ಕೇಳಿದರೆ ಹೇಳುವುದು ಕಷ್ಟ. ಬೇಲಿಯ ಹತ್ತಿರ ಹಾದುಹೋಗುವಾಗ ಅದು ನನ್ನನ್ನು ನೋಡಿತು ಅನ್ನಿಸಿತ್ತು.

ಓಟ ಶುರುವಾಗುವ ರೀತಿ ನಾನು ಬೇರೆಲ್ಲೂ ಕಾಣದ್ದು. ಒಂದು ಬಿಳಿ ಕಾರು ಟ್ರ್ಯಾಕಿಗೆ ಬರುತ್ತದೆ. ಅದರ ಹಿಂಬದಿಯಿಂದ ಎರಡೂ ಕಡೆಗೆ ಉದ್ದನೆಯ ರೆಕ್ಕೆಗಳು ಬಿಚ್ಚಿಕೊಳ್ಳುತ್ತವೆ. ಎಂಟು ಕುದುರೆಗಳು ಆ ರೆಕ್ಕೆಗೆ ಮೂಗು ತಾಗಿಸುವಷ್ಟು ಹತ್ತಿರ, ಒಂದೇ ಸಾಲಿನಲ್ಲಿ, ಓಡುತ್ತಲೇ ಬರುತ್ತವೆ. ಕಾರು ವೇಗ ಹೆಚ್ಚಿಸುತ್ತದೆ. ಗೆರೆ ಬಂದ ಕೂಡಲೇ ಕಾರು ಒಮ್ಮೆಲೇ ಮುಂದೆ ಹಾರಿ, ರೆಕ್ಕೆ ಮಡಚಿ, ಪಕ್ಕಕ್ಕೆ ಸರಿಯುತ್ತದೆ. ನಿಂತಲ್ಲಿಂದ ಹೊರಡುವ ಓಟವಲ್ಲ, ಓಡುತ್ತಲೇ ಶುರುವಾಗುವ ಓಟ. ಈ ಕಾರಿನ ಪದ್ಧತಿ ಬಂದದ್ದು 1946ರಲ್ಲಿ. ಅದಕ್ಕೂ ಮೊದಲು ಎಲ್ಲ ಕುದುರೆಗಳನ್ನೂ ಒಂದು ಸಾಲಿಗೆ ತರುವುದರಲ್ಲೇ ಸಂಜೆ ಕಳೆಯುತ್ತಿತ್ತಂತೆ.

ಮೊದಲ ತಿರುವಿನಲ್ಲೇ ಎಲ್ಲರೂ ಒಳಗಿನ ಅಂಚಿಗೆ ನುಗ್ಗಿದರು. ಹೊರಗಿನಿಂದ ಓಡಿದರೆ ದೂರ ಹೆಚ್ಚು, ಎರಡು ಸುತ್ತಿಗೆ ನಾಲ್ಕು ತಿರುವು. ನಮ್ಮ ಮುಂದೆ ಹಾದುಹೋದಾಗ ಕಿವಿಗೆ ಬಿದ್ದದ್ದು ಗೊರಸಿನ ಸದ್ದಿಗಿಂತ ಹೆಚ್ಚಾಗಿ ಚಕ್ರಗಳ ಸುಂಯ್ ಎನ್ನುವ ಸದ್ದು, ಸಾರಥಿಗಳ ಕೂಗು. ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗ. ಎದುರು ಬದಿಯಲ್ಲಿ ಒಂದು ಕುದುರೆಯ ತಲೆ ದಿಢೀರನೆ ಮೇಲೆದ್ದು ಕೆಳಗಿಳಿಯತೊಡಗಿತು. “ಹೋಯ್ತು” ಎಂದು ಹಿರಿಯರು ನಿಟ್ಟುಸಿರು ಬಿಟ್ಟರು. ಅದು ಹದ ತಪ್ಪಿ ನಾಗಾಲೋಟಕ್ಕೆ ಬಿದ್ದಿತ್ತು. ಸಾರಥಿ ಹೊರಕ್ಕೆ ಎಳೆದ. ಮತ್ತೆ ನಡಿಗೆಗೆ ಬರುವಷ್ಟರಲ್ಲಿ ಅದು ಒಂಟಿಯಾಗಿ ಹಿಂದೆ ಉಳಿಯಿತು. ಆ ಹೊತ್ತಿಗೆ ಉಳಿದ ಏಳೂ ಕೊನೆಯ ತಿರುವಿನಲ್ಲಿದ್ದವು.

ನನ್ನ ನೀಲಿ ಕುದುರೆ ಮೂರನೆಯದಾಗಿ ಬಂತು. ನಾನು ಚೀಟಿ ಹಿಡಿದು ಗೆದ್ದವನ ಗತ್ತಿನಲ್ಲಿ ಕಿಟಕಿಗೆ ಹೋದೆ. ಅಲ್ಲಿದ್ದ ಹೆಂಗಸು ಚೀಟಿಯನ್ನು ಯಂತ್ರಕ್ಕೆ ತೋರಿಸಿ, ಮೆತ್ತಗೆ ನನಗೇ ಮರಳಿಸಿದರು. ಎಂಟು ಕುದುರೆ ಓಡಿದರೆ ನಮ್ಮಲ್ಲಿ ಮೂರನೆಯದಕ್ಕೂ ‘ಪ್ಲೇಸ್’ ಸಲ್ಲುತ್ತದೆ. ಇಲ್ಲಿ ಪ್ಲೇಸ್ ಅಂದರೆ ಮೊದಲ ಎರಡು ಮಾತ್ರ. ಮೂರನೆಯದೂ ಸೇರಬೇಕಾದರೆ ‘ಶೋ’ ಎಂದು ಕಟ್ಟಬೇಕು. ಇದೆಲ್ಲ ನನ್ನ ಕೈಯಲ್ಲಿದ್ದ ರೇಸ್ ಪುಸ್ತಕದ ಮೊದಲ ಪುಟದಲ್ಲೇ ಅಚ್ಚಾಗಿತ್ತು. ಮೂವತ್ತು ವರ್ಷದಿಂದ ಗೊತ್ತಿದ್ದ ಪದವೆಂದು ಆ ಪುಟ ಓದಿರಲಿಲ್ಲ. ತಂಗಿಯ ಮಗ ಇದನ್ನು ಖಂಡಿತ ಅಮ್ಮನಿಗೆ ಹೇಳುತ್ತಾನೆ.

ಮುಂದಿನ ಓಟಕ್ಕೆ ಇಪ್ಪತ್ತು ನಿಮಿಷ. ನಾನು ಗಮನಿಸಿದ್ದು ಈ ಇಪ್ಪತ್ತು ನಿಮಿಷವನ್ನೇ. ಓಟ ಎರಡು ನಿಮಿಷ, ಉಳಿದದ್ದೆಲ್ಲ ಕಾಯುವುದು. ಕಾಯುವಾಗ ಜನ ಏನು ಮಾಡುತ್ತಾರೆ? ಪುಸ್ತಕ ನೋಡುತ್ತಾರೆ, ವಾದ ಮಾಡುತ್ತಾರೆ, ಕಾಫಿ ತರುತ್ತಾರೆ, ಮಕ್ಕಳನ್ನು ಬೇಲಿಯಿಂದ ಇಳಿಸುತ್ತಾರೆ. ಸೋತ ಕುದುರೆ ಏಕೆ ಸೋತಿತೆಂದು ಯಾರೋ ಒಬ್ಬರು ವಿವರಿಸುತ್ತಿರುತ್ತಾರೆ. ಗೆದ್ದ ಕುದುರೆಯನ್ನು ಪರೀಕ್ಷೆಯ ಲಾಯಕ್ಕೆ ಕರೆದೊಯ್ದರು. ಅಲ್ಲಿ ಅದು ಮೂತ್ರ ಮಾಡಲೆಂದು ನೋಡಿಕೊಳ್ಳುವವರು ಶಿಳ್ಳೆ ಹಾಕುತ್ತಾರೆ ಎಂದು ಹಿರಿಯರು ಹೇಳಿದಾಗ ತಮಾಷೆ ಎಂದುಕೊಂಡೆ. ನಿಜವಂತೆ. ನಮ್ಮಲ್ಲಿ ಅಮ್ಮಂದಿರು ಕೂಸುಗಳಿಗೆ ‘ಸ್‌ಸ್’ ಎನ್ನುವುದಿಲ್ಲವೇ, ಹಾಗೆ.

ಐದು ಓಟ ನೋಡಿ, ಒಟ್ಟು ಎಂಟು ಡಾಲರ್ ಕಳೆದು, ಬಲಗಡೆಯ ಜಗತ್ತಿಗೆ ಹೊರಟೆವು. ನಡುವೆ ಒಂದು ಹಾದಿ, ಅದರ ಕೊನೆಯಲ್ಲಿ ಕಾವಲಿನವರು. ಕ್ಯಾಸಿನೊ ಒಳಗೆ ಹೋಗಲು ಇಲ್ಲಿ 19 ತುಂಬಿರಬೇಕು. ನನ್ನ ನರೆಗೂದಲು ನೋಡಿ ಬಿಟ್ಟರು, ತಂಗಿಯ ಮಗನ ಗುರುತಿನ ಚೀಟಿ ಕೇಳಿದರು. ಅವನಿಗೆ ಆಮೇಲೂ ಒಂದಿಷ್ಟು ಹೊತ್ತು ಖುಷಿಯೇ ಇತ್ತು.

ಒಳಗೆ ಕಾಲಿಟ್ಟೊಡನೆ ಹೊತ್ತು ಮಾಯವಾಯಿತು. ಹೊರಗೆ ಬೇಸಗೆಯ ಸಂಜೆಯ ಬಿಸಿಲು ಇನ್ನೂ ಹಳದಿಯಾಗಿತ್ತು. ಇಲ್ಲಿ ಕಿಟಕಿಯಿಲ್ಲ, ಗೋಡೆ ಗಡಿಯಾರ ನನ್ನ ಕಣ್ಣಿಗೆ ಬೀಳಲಿಲ್ಲ. ನೂರಾರು ಸ್ಲಾಟ್ ಯಂತ್ರಗಳು, ಪ್ರತಿಯೊಂದಕ್ಕೂ ತನ್ನದೇ ರಾಗ. ಎಲ್ಲ ಸೇರಿ ಒಂದು ಮಂದ್ರ ಶ್ರುತಿಯಂತೆ ಗುಂಯ್‌ಗುಡುತ್ತಿದ್ದವು. ಹೊಗೆಯಿಲ್ಲ. ಪ್ರಾಂತ್ಯದಲ್ಲಿ 2006ರಿಂದ ಇಂಥ ಜಾಗಗಳ ಒಳಗೆ ಸಿಗರೇಟು ಸೇದುವಂತಿಲ್ಲ. ನಾಣ್ಯ ಸುರಿಯುವ ಸದ್ದು ಕೇಳಿಸಿತು, ನಾಣ್ಯ ಕಾಣಲಿಲ್ಲ. ಈಗ ನೋಟು ಒಳಗೆ ಹೋಗುತ್ತದೆ, ಚೀಟಿ ಹೊರಗೆ ಬರುತ್ತದೆ. ನಾಣ್ಯದ ಸದ್ದನ್ನು ಮಾತ್ರ ಯಂತ್ರ ಉಳಿಸಿಕೊಂಡಿದೆ.

ಒಂದು ಯಂತ್ರದ ಮೇಲೆ ‘1 ಸೆಂಟ್’ ಎಂದಿತ್ತು. ಕೆನಡಾ ಒಂದು ಸೆಂಟಿನ ನಾಣ್ಯವನ್ನು 2013ರಲ್ಲೇ ಚಲಾವಣೆಗೆ ಬಿಡುವುದನ್ನು ನಿಲ್ಲಿಸಿದೆ. ಅಂಗಡಿಯಲ್ಲಿ ನಗದು ಕೊಟ್ಟರೆ ಐದು ಸೆಂಟಿಗೆ ಸರಿಹೊಂದಿಸುತ್ತಾರೆ. ಪೇಟೆಯಲ್ಲಿ ಸತ್ತ ಕಾಸು ಇಲ್ಲಿ ಬದುಕಿದೆ. ಸೆಂಟಿನ ಆಟವಲ್ಲವೇ ಎಂದು ಇಪ್ಪತ್ತು ಡಾಲರಿನ ನೋಟು ಹಾಕಿ ಕೂತೆ. ಕೂತ ಮೇಲೆ ತಿಳಿಯಿತು, ಆ ಒಂದು ಸೆಂಟು ಒಂದು ಗೆರೆಗೆ. ಪರದೆಯ ಮೇಲೆ ಹತ್ತಾರು ಗೆರೆಗಳಿವೆ. ಗುಂಡಿ ಒತ್ತಿದಾಗಲೆಲ್ಲ ಅರ್ಧ ಡಾಲರ್ ಹೋಗುತ್ತಿತ್ತು. ಇಪ್ಪತ್ತೈದು ಸೆಂಟು ಮರಳಿ ಬಂದಾಗ ಯಂತ್ರ ಮದುವೆ ಮನೆಯ ವಾದ್ಯದಂತೆ ಮೊಳಗಿತು. ಅರ್ಧ ಕೊಟ್ಟು ಕಾಲು ಪಡೆದದ್ದಕ್ಕೆ ಅಭಿನಂದನೆ!

ಪರದೆಯಲ್ಲಿ ಚಕ್ರಗಳು ತಿರುಗಿ ಒಂದೊಂದಾಗಿ ನಿಲ್ಲುತ್ತವೆ. ಕೊನೆಯದು ನಿಲ್ಲುವಾಗ ಎದೆ ಡವಗುಡುತ್ತದೆ. ಆದರೆ ಫಲಿತಾಂಶ ಗುಂಡಿ ಒತ್ತಿದ ಕ್ಷಣವೇ ಒಳಗಿನ ಲೆಕ್ಕದಲ್ಲಿ ತೀರ್ಮಾನವಾಗಿರುತ್ತದೆ. ಚಕ್ರ ತಿರುಗುವುದು ಆಮೇಲೆ ಆಡುವ ನಾಟಕ. ಆಚೆ ಬದಿಯಲ್ಲಿ ಕುದುರೆ ಕೊನೆಯ ತಿರುವು ದಾಟುವವರೆಗೂ ಏನೂ ತೀರ್ಮಾನವಾಗಿರಲಿಲ್ಲ. ಅಲ್ಲಿ ಒಂದು ಪಣಕ್ಕೂ ಇನ್ನೊಂದಕ್ಕೂ ನಡುವೆ ಇಪ್ಪತ್ತು ನಿಮಿಷ. ಇಲ್ಲಿ ನಾಲ್ಕು ಸೆಕೆಂಡು. ಅಲ್ಲಿ ಒಂದು ಓಟಕ್ಕೆ ಕಾಯುವ ಹೊತ್ತಿನಲ್ಲಿ ಇಲ್ಲಿ ಮುನ್ನೂರು ಸಲ ಒತ್ತಬಹುದು. ಯಂತ್ರ ಜೂಜಿನಿಂದ ಕಾಯುವುದೊಂದನ್ನು ತೆಗೆದುಹಾಕಿದೆ. ಕಾಯುವುದರ ಜೊತೆಗೆ ಕಾಫಿ, ವಾದ, ಪಕ್ಕದವನ ಮುಖ ಎಲ್ಲ ಹೋಗಿವೆ. ನನ್ನ ಸಾಲಿನಲ್ಲಿ ಆರು ಜನ ಕೂತಿದ್ದರು. ಒಬ್ಬರೂ ಮತ್ತೊಬ್ಬರ ಕಡೆ ತಿರುಗಲಿಲ್ಲ. ಪಕ್ಕದ ಅಜ್ಜಿ ಗುಂಡಿ ಒತ್ತುವ ಮೊದಲು ಪ್ರತಿ ಸಲ ಪರದೆಯನ್ನು ಬೆರಳಿನಿಂದ ಸವರುತ್ತಿದ್ದರು. ಬೇಡಿಕೊಳ್ಳುತ್ತಿದ್ದರೋ, ಅಭ್ಯಾಸವೋ, ಕೇಳುವ ಧೈರ್ಯ ಬರಲಿಲ್ಲ.

ಇನ್ನೊಂದು ಮೂಲೆಯಲ್ಲಿ ಕ್ರೀಡಾ ಪಂದ್ಯಗಳಿಗೆ ಹಣ ಕಟ್ಟುವ ಯಂತ್ರಗಳಿದ್ದವು. ಇದು ಇಲ್ಲಿ ಹೊಸದು. 2021ರ ಆಗಸ್ಟ್ 27ರವರೆಗೆ ಕೆನಡಾದಲ್ಲಿ ಒಂದೇ ಒಂದು ಪಂದ್ಯದ ಮೇಲೆ ಪಣ ಕಟ್ಟುವುದು ಕಾನೂನಿಗೆ ಒಪ್ಪುತ್ತಿರಲಿಲ್ಲ. ಹಲವು ಪಂದ್ಯಗಳನ್ನು ಸೇರಿಸಿ, ಎಲ್ಲವೂ ಸರಿಯಾದರೆ ಮಾತ್ರ ಗೆಲುವು ಎನ್ನುವಂತೆ ಕಟ್ಟಬೇಕಿತ್ತು. ಕುದುರೆಯೊಂದಕ್ಕೆ ಮಾತ್ರ ಮೊದಲಿನಿಂದ ವಿನಾಯಿತಿ. 2022ರ ಏಪ್ರಿಲ್‌ನಲ್ಲಿ ಈ ಪ್ರಾಂತ್ಯ ಆನ್‌ಲೈನ್ ಕಂಪನಿಗಳಿಗೂ ಬಾಗಿಲು ತೆರೆಯಿತು. ಈಗ ಐಸ್ ಹಾಕಿಯ ನಡುವೆ ಬರುವ ಜಾಹೀರಾತು ನೋಡಿ ತಂಗಿಯ ಮಗನಿಗೇ ತಲೆ ಚಿಟ್ಟು ಹಿಡಿದಿದೆ. ಯಂತ್ರದ ಪಟ್ಟಿಯಲ್ಲಿ ಕ್ರಿಕೆಟ್ಟೂ ಇತ್ತು. ಅವನು ಒಂದು ಕ್ಷಣ ನಿಂತ. ನಾನು ಕೆಮ್ಮಿದೆ. ಮುಂದೆ ನಡೆದ.

ಗೆದ್ದರೆ ಇಲ್ಲಿ ಸಾಮಾನ್ಯರಿಗೆ ತೆರಿಗೆಯಿಲ್ಲ. ನಮ್ಮಲ್ಲಿ ಇಂಥ ಗೆಲುವಿಗೆ ಶೇ 30 ತೆರಿಗೆ. ಹೊರಹೋಗುವ ದಾರಿಯಲ್ಲಿ ಚಿಕ್ಕ ಕೌಂಟರ್ ಒಂದಿತ್ತು. ಜೂಜಿನ ಚಟದ ಬಗ್ಗೆ ಮಾತಾಡಬೇಕೆನ್ನುವವರಿಗೆ ಅಲ್ಲಿ ಸಹಾಯ ಸಿಗುತ್ತದೆ. ತನ್ನನ್ನು ಒಳಗೆ ಬಿಡಬೇಡಿ ಎಂದು ತಾನೇ ಬರೆದುಕೊಡುವ ಅವಕಾಶವೂ ಇದೆ. ನಾನಿದ್ದಷ್ಟು ಹೊತ್ತು ಆ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ.

ಎರಡು ಬಾಗಿಲು ಒಂದೇ ಕಟ್ಟಡದಲ್ಲಿ ಏಕಿವೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು, ಮತ್ತೆ ಬೇಲಿಯ ಹತ್ತಿರ ಸಿಕ್ಕ ಅದೇ ಹಿರಿಯರು. 1998ರಿಂದ ಪ್ರಾಂತ್ಯ ರೇಸ್ ಮೈದಾನಗಳಲ್ಲಿ ಸ್ಲಾಟ್ ಯಂತ್ರಗಳನ್ನು ಇಟ್ಟಿತು. ಅದರ ಆದಾಯದಲ್ಲಿ ಶೇ 20 ರೇಸಿಗೆ: ಅರ್ಧ ಮೈದಾನಕ್ಕೆ, ಅರ್ಧ ಕುದುರೆ ಸಾಕುವವರಿಗೆ. ಬಹುಮಾನ ಏರಿತು, ರೈತರು ಮರಿ ಬೆಳೆಸಿದರು. 2012ರಲ್ಲಿ ಸರ್ಕಾರ ಈ ಪಾಲು ನಿಲ್ಲಿಸುವುದಾಗಿ ಹೇಳಿತು, 2013ರ ಮಾರ್ಚ್ ಕೊನೆಗೆ ನಿಲ್ಲಿಸಿಯೂಬಿಟ್ಟಿತು. ಬೇರೆ ರೂಪದಲ್ಲಿ ನೆರವು ಆಮೇಲೆ ಬಂತು. ಆದರೆ ನಡುವೆ ಹಲವರು ಲಾಯ ಖಾಲಿ ಮಾಡಿದ್ದರು. “ಮೊದಲು ಅವರನ್ನು ನಾವು ಒಳಗೆ ಕರೆದೆವು,” ಎಂದು ಅವರು ಬಲಗಡೆಯ ದೀಪಗಳತ್ತ ಗಲ್ಲ ತೋರಿಸಿದರು. “ಈಗ ನಾವು ಅವರ ಮನೆಯಲ್ಲಿದ್ದೇವೆ.”

ಹೊರಗೆ ಬಂದಾಗ ಕತ್ತಲಾಗಿತ್ತು. ಓಟಗಳ ನಡುವೆ ಇದ್ದಾಗ ಎಷ್ಟನೇ ಓಟ, ಎಷ್ಟು ಹೊತ್ತು ಎಂದು ನನಗೆ ಗೊತ್ತಿತ್ತು. ಯಂತ್ರಗಳ ನಡುವೆ ಎಷ್ಟು ಹೊತ್ತು ಕಳೆದೆನೆಂದು ಗಡಿಯಾರ ನೋಡಿಯೇ ತಿಳಿಯಬೇಕಾಯಿತು. ಟ್ರೇಲರುಗಳ ಹತ್ತಿರ ದೀಪದ ಬೆಳಕಿನಲ್ಲಿ ಒಬ್ಬ ಹುಡುಗಿ ಕುದುರೆಯ ಕಾಲಿಗೆ ನೀರು ಹಾಕುತ್ತಿದ್ದಳು. ಅದು ನನ್ನ ನೀಲಿ ಬಟ್ಟೆಯ ಕುದುರೆಯೇ ಇರಬೇಕು, ಹಣೆಯ ಬಿಳಿ ಮಚ್ಚೆ ಹಾಗೇ ಇತ್ತು. ಬಹುಮಾನದ ಹಣ ಹಂಚುವಾಗ ಮೊದಲನೆಯದಕ್ಕೆ ಶೇ 50, ಎರಡನೆಯದಕ್ಕೆ 25, ಮೂರನೆಯದಕ್ಕೆ 12. ನನಗೆ ಏನೂ ಬರಲಿಲ್ಲ ನಿಜ, ಅದು ತನ್ನ ಮೇವಿನ ಕಾಸು ದುಡಿದುಕೊಂಡಿತ್ತು.

“ವಯಸ್ಸಾದ ಮೇಲೆ ಇವು ಎಲ್ಲಿಗೆ ಹೋಗುತ್ತವೆ?” ಎಂದು ಹಿರಿಯರನ್ನು ಬೀಳ್ಕೊಡುವಾಗ ಕೇಳಿದ್ದೆ. 14 ದಾಟಿದರೆ ಓಡಿಸುವಂತಿಲ್ಲ. ಬಹಳಷ್ಟು ಅದಕ್ಕೂ ಮೊದಲೇ ನಿಲ್ಲುತ್ತವೆ. “ಬರುವಾಗ ರಸ್ತೆಯಲ್ಲಿ ನೋಡಲಿಲ್ಲವೇ?” ಎಂದಿದ್ದರು.

ಹೊಲದ ರಸ್ತೆಯಲ್ಲಿ ಮುಂದೆ ಕೆಂಪು ದೀಪ ಮಿನುಗಿತು. ತಂಗಿಯ ಮಗ ತಾನಾಗಿಯೇ ವೇಗ ಇಳಿಸಿದ. ಕಪ್ಪು ಗಾಡಿ, ಕಿತ್ತಳೆ ತ್ರಿಕೋನ. ಈ ಸಲ ನಾನು ಗಾಡಿಯ ಕೆಳಗೆ ಕಾಲುಗಳನ್ನು ನೋಡಿದೆ. ಓರೆಯಾಗಿ ಜೊತೆಗೂಡಿದ ಕಾಲುಗಳು, ಟಕ್ ಟಕ್ ಎಂದು. ಹದ ತಪ್ಪಿರಲಿಲ್ಲ.

“ದಾಟಲಾ ಮಾವ?” ಎಂದ.

“ಇರು,” ಎಂದೆ. “ಏನು ಅವಸರ?”